ಭಾವನ ಸೀಸದ ಇಡ್ಲಿ

ಎಂಬಕಸಿ

ಆಫ್ರಿಕಕ್ಕೆ ಹೋಗಿ ಸಿಂಹ ನೋಡದೆ ಬಂದವಳು ನಾನೊಬ್ಬಳೇ ಇರಬೇಕು. ಕೇಳಿದವರಿಗೆಲ್ಲ ಜಿರಾಫೆ ನೋಡಿದೆ ಎನ್ನುತ್ತೇನೆ. ಅದು ಸುಳ್ಳಲ್ಲ, ರಸ್ತೆ ಬದಿಯ ಜಾಹೀರಾತು ಫಲಕದಲ್ಲಿ ನೋಡಿದ್ದೆ. ನಾನು ನೈರೋಬಿಗೆ ಹೋದದ್ದು ಅಕ್ಕನ ಕೈ ನೋಡಲು.

ವಿಜಯಕ್ಕ ಮದುವೆಯಾದ ಹೊಸತರಲ್ಲೇ ನೈರೋಬಿ ಸೇರಿದವಳು. ಶ್ರೀಪಾದ ಭಾವನದು ಅಲ್ಲಿ ಟೈರಿನ ಅಂಗಡಿ, ಜೊತೆಗೆ ಚಕ್ರದ ಬ್ಯಾಲೆನ್ಸಿಂಗ್ ಮಾಡುವ ವರ್ಕ್‌ಶಾಪು. ಆ ವರ್ಷ ಅಕ್ಕನ ಫೋನು ಬಂದಾಗಲೆಲ್ಲ ಅದೇ ಮಾತು. "ಬಲಗೈಲಿ ಶಕ್ತೀನೇ ಇಲ್ಲ ಕಣೇ ಗೌರಿ. ಸೌಟು ಎತ್ತಿದ್ರೆ ಮಣಿಕಟ್ಟು ಜೋತು ಬೀಳುತ್ತೆ." ಹೊಟ್ಟೆನೋವು, ಸುಸ್ತು ಬೇರೆ. ಆಗ ಫೋನಿನಲ್ಲಿ ಮುಖ ಕಾಣುವ ಕಾಲ ಅಲ್ಲ. ದನಿ ಕೇಳಿ ಕೈ ಹೇಗಿದ್ದೀತೆಂದು ಊಹಿಸಿಕೊಳ್ಳುತ್ತಾ ಮೈಸೂರಿನಲ್ಲಿ ಕೂತು ಹೆದರುತ್ತಿದ್ದೆ. ಕೊನೆಗೆ ಡಾಕ್ಟರು ಮಣಿಕಟ್ಟು ಕೊಯ್ದು ನರ ಸಡಿಲ ಮಾಡಬೇಕು ಎಂದಾಗ ಅಕ್ಕ, "ನೀನು ಬಂದುಬಿಡೇ" ಎಂದಳು. ಮನೆಯಲ್ಲಿ ನನ್ನ ಹೆಸರೇ ಗಾಬರಿ ಗೌರಿ. ಅಂಥವಳನ್ನು ಧೈರ್ಯಕ್ಕೆಂದು ಕರೆಸಿಕೊಳ್ಳುತ್ತಾಳೆ ಎಂದರೆ ಅವಳ ಧೈರ್ಯ ಎಷ್ಟು ಕುಗ್ಗಿರಬೇಕು ಎಂದು ಇನ್ನಷ್ಟು ಗಾಬರಿಯಾಯಿತು.

ಎಂಬಕಸಿಯ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಮೊದಲು ನನ್ನ ಕ್ಷೇಮ ವಿಚಾರಿಸಿದ. ಪ್ರಯಾಣ ಹೇಗಿತ್ತು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದೆಲ್ಲ ಕೇಳಿದ ಮೇಲೆಯೇ ಪೆಟ್ಟಿಗೆ ತೆರೆಸಿದ್ದು. ನಮ್ಮಲ್ಲಿ ಅಧಿಕಾರಿಗಳು ಇಷ್ಟು ವಿಚಾರಿಸಿಕೊಂಡರೆ ಏನೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಇಲ್ಲಿ ಅದು ಬರಿಯ ಮರ್ಯಾದೆ ಎಂದು ಆಮೇಲೆ ತಿಳಿಯಿತು. ಹಿಂಗು, ಸಾರಿನ ಪುಡಿ, ಹುಣಸೆಹಣ್ಣು ದಾಟಿ ಅವನ ಕೈ ಹಳೆಯ ಪಂಚೆಯ ಗಂಟಿಗೆ ಹೋಯಿತು. ಒಳಗೆ ಹೊಳೆಯುವ ಲೋಹದ ಕಡ್ಡಿಗಳು.

"ಬೆಳ್ಳಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಬೆಳ್ಳಿಯಲ್ಲ, ತವರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರ. ಭಾವ ಫೋನು ಮಾಡಿ ತರಿಸಿಕೊಂಡಿದ್ದರು. ಕಲಾಯಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಹೊಳೆಯಲಿಲ್ಲ. ಪಾತ್ರೆ ಹಿಡಿದಂತೆ, ಉಜ್ಜಿದಂತೆ, ಸಾರು ಕುಡಿದಂತೆ ಅಭಿನಯ ಮಾಡಿದೆ. ಅವನು ಒಂದು ಕಡ್ಡಿ ತೆಗೆದು ಬಗ್ಗಿಸಿದ. ಅದು ಕರಕರ ಎಂದು ಸದ್ದು ಮಾಡಿತು. ಬೆಚ್ಚಿಬಿದ್ದವನು ಮತ್ತೆ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ. ಪಕ್ಕದವನನ್ನೂ ಕರೆದು ಕೇಳಿಸಿದ. ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನು ಹೀಗೆಯೇ ಅಮ್ಮನ ಕಿವಿಯ ಹತ್ತಿರ ಕಡ್ಡಿ ಬಗ್ಗಿಸಿ, "ಕೇಳಿ ಅಮ್ಮ, ಅಸಲಿ ತವರ, ಅಳ್ತದೆ" ಎನ್ನುತ್ತಿದ್ದ. ಆ ಅಳು ಕೇಳದೆ ಅಮ್ಮ ಪಾತ್ರೆ ಕೊಡುತ್ತಿರಲಿಲ್ಲ. ಇಬ್ಬರು ಅಧಿಕಾರಿಗಳೂ ನಕ್ಕು, ಪೆಟ್ಟಿಗೆ ಕೆದರಿದ್ದಕ್ಕೆ "ಪೋಲೆ" ಎಂದು ನನ್ನನ್ನು ಬಿಟ್ಟರು.

ಕಾರಿನಲ್ಲಿ ಭಾವ ಆ ಪದದ ಅರ್ಥ ಹೇಳಿದರು. "ನೀನು ಎಡವಿದ್ರೆ, ಕೆಮ್ಮಿದ್ರೆ, ಪಕ್ಕದಲ್ಲಿರೋರು ಪೋಲೆ ಅಂತಾರೆ. ಅಯ್ಯೋ ಪಾಪ ಅಂದ ಹಾಗೆ. ತಪ್ಪು ಯಾರದ್ದು ಅನ್ನೋ ಪ್ರಶ್ನೆಯೇ ಇಲ್ಲ." ಹೇಳುತ್ತಲೇ ಬಾಗಿಲಿಗೆ ಲಾಕು ಹಾಕಿ, ನನ್ನ ಬ್ಯಾಗು ಕಾಲ ಕೆಳಗೆ ಇಡಿಸಿ, ಕಿಟಕಿ ಏರಿಸಿ, ಬಳೆ ತೆಗೆಯಲು ಹೇಳಿದರು.

ಕಿಲಿಮಾನಿಯ ಮನೆ

ಕಿಲಿಮಾನಿ ಬಡಾವಣೆಯಲ್ಲಿ, ಸುತ್ತ ಎದ್ದು ನಿಲ್ಲುತ್ತಿದ್ದ ಅಪಾರ್ಟ್‌ಮೆಂಟುಗಳ ನಡುವೆ ಅಕ್ಕನದು ಹಳೆಯ ಹೆಂಚಿನ ಬಂಗಲೆ. ಗೋಡೆಯ ಮೇಲೆ ವಿದ್ಯುತ್ ತಂತಿ, ಗೇಟಿನಲ್ಲಿ ಕಾವಲಿನ ಅಸ್ಕಾರಿ, ಹಾಸಿಗೆಯ ಪಕ್ಕ ಒತ್ತಿದರೆ ಅಲಾರಂ ಹೊಡೆಯುವ ಗುಂಡಿ. ಮಲಗುವ ಕೋಣೆಗಳಿಗೂ ಹಜಾರಕ್ಕೂ ನಡುವೆ ಜೈಲಿನಂಥ ಕಬ್ಬಿಣದ ಬಾಗಿಲು, ಅದಕ್ಕೊಂದು ದಪ್ಪ ಬೀಗ. ವರ್ಕ್‌ಶಾಪಿಗೆ ಒಮ್ಮೆ ದರೋಡೆಕೋರರು ನುಗ್ಗಿದ ಮೇಲೆ ಭಾವ ಪರವಾನಗಿ ಪಡೆದು ಪಿಸ್ತೂಲು ಇಟ್ಟುಕೊಂಡಿದ್ದರು. ಅದನ್ನು ಕೇಳಿ ನನಗೆ ಧೈರ್ಯ ಬರಬೇಕಿತ್ತು. ಬದಲಿಗೆ ಹೆದರಲು ಇನ್ನೊಂದು ವಸ್ತು ಸಿಕ್ಕಿತು.

ಅಕ್ಕ ಬಾಗಿಲಿಗೆ ಬಂದಳು. ಮುಖ ಬಿಳಿಚಿತ್ತು. ಅಪ್ಪಿಕೊಂಡಾಗ ಅವಳ ಬಲಗೈ ನನ್ನ ಬೆನ್ನ ಮೇಲೆ ಜೀವವಿಲ್ಲದ ಹಾಗೆ ತೂಗಾಡಿತು. ನನಗೆ ಅಳು ಬಂತು, ತಡೆದುಕೊಂಡೆ.

"ಆ ಬೀಗ ಹಾಕೋದು, ತೆಗೆಯೋದು ಇಷ್ಟು ವರ್ಷ ನನ್ನ ಕೆಲಸ" ಎಂದಳು ಅಕ್ಕ. "ಈಗ ಕೀ ತಿರುಗಿಸೋಕೂ ಆಗಲ್ಲ ಕಣೇ. ನಿಮ್ಮ ಭಾವ ಹೊರಗಿದ್ರೆ ನಾನು ಒಳಗೇ ಕೈದಿ."

ಊಟಕ್ಕೆ ಅಮ್ಮನ ಹಿತ್ತಾಳೆ ಪಾತ್ರೆಯಲ್ಲಿ ಸಾರು. ಅದನ್ನು ನೋಡಿ ನನಗೆ ಊರೇ ಎದುರು ಬಂದಂತಾಯಿತು. ಒಳಗಿನ ಕಲಾಯಿ ಸ್ವಲ್ಪ ಮಂಕಾಗಿತ್ತು.

"ಇವ್ರೇ ಹಾಕಿದ್ದು!" ಅಕ್ಕನ ಮುಖದಲ್ಲಿ ಆ ದಿನ ಮೊದಲ ಸಲ ಕಳೆ ಬಂತು. "ಇಲ್ಲಿ ಕಲಾಯಿಯವರು ಎಲ್ಲಿಂದ ಬರ್ಬೇಕು? ಪಾತ್ರೆ ಅಟ್ಟದಲ್ಲಿ ಬಿದ್ದಿತ್ತು. ಹೋದ ವರ್ಷ ನನ್ನ ಹುಟ್ಟಿದ ಹಬ್ಬಕ್ಕೆ ಇವ್ರೇ ಶೆಡ್ಡಲ್ಲಿ ಕೂತು, ನವಸಾಗರ ಹಾಕಿ, ಹೊಗೆ ಕುಡಿದು, ಉಜ್ಜಿ ಕೊಟ್ರು. ನಮ್ಮ ಮದುವೇಲಿ ಸೀರೆ ಕೂಡ ಇವ್ರು ಆರಿಸಿದ್ದಲ್ಲ."

ಅವತ್ತಿನಿಂದ ಅಕ್ಕ ಬೇರೆ ಪಾತ್ರೆಯಲ್ಲಿ ಸಾರು ಮಾಡಿದ್ದೇ ಇಲ್ಲವಂತೆ. ಬೆಳಿಗ್ಗೆ ಮಾಡಿದ್ದು ಸಂಜೆಯವರೆಗೆ ಅದರಲ್ಲೇ ಇರುತ್ತಿತ್ತು. ಬೇರೇನೂ ಸೇರದಿದ್ದಾಗ ಆ ಹುಳಿ ಸಾರನ್ನೇ ಲೋಟಗಟ್ಟಲೆ ಕುಡಿಯುತ್ತಿದ್ದಳು. ಭಾವನಿಗೆ ಮಧ್ಯಾಹ್ನದ ಊಟ ವರ್ಕ್‌ಶಾಪಿನಲ್ಲಿ, ಸಂಜೆ ಸಕ್ಕರೆ ಕಾಯಿಲೆಗೆಂದು ಚಪಾತಿ. ನಾನೂ ಎರಡು ಲೋಟ ಕುಡಿದೆ. ಮನೆಗೆಲಸದ ವಾಂಜಿರು ನಮ್ಮನ್ನು ನೋಡಿ, ಜೋಳದ ಹಿಟ್ಟಿನ ಮುದ್ದೆಯನ್ನು ಸೊಪ್ಪಿನ ಜೊತೆ ತಿನ್ನುತ್ತಾ, ನೀರನ್ನು ಇಷ್ಟು ಪ್ರೀತಿಯಿಂದ ಕುಡಿಯುವವರನ್ನು ನೋಡಿಲ್ಲ ಎಂದು ನಕ್ಕಳು.

ಬೆಣ್ಣೆಹಣ್ಣಿನ ಮರದ ಕೆಳಗೆ

"ಗಾಬರಿ ಗೌರಿ, ಬಾ. ನನ್ನ ಇಡ್ಲಿ ತೋರಿಸ್ತೀನಿ" ಎಂದು ಭಾವ ಶನಿವಾರ ಹಿತ್ತಿಲಿಗೆ ಕರೆದರು.

ಬೆಣ್ಣೆಹಣ್ಣಿನ ಮರದ ಕೆಳಗೆ ತಗಡಿನ ಶೆಡ್ಡು, ಮುಂದೆ ಇದ್ದಿಲ ಒಲೆ, ಮೇಲೆ ಕಬ್ಬಿಣದ ಬಾಣಲೆ. ಭಾವನಂತೆ ವಾರಕ್ಕೊಮ್ಮೆ ಪಿಸ್ತೂಲು ಕ್ಲಬ್ಬಿನಲ್ಲಿ ಗುರಿ ಅಭ್ಯಾಸ ಮಾಡುವವರಿಗೆ ಅಂಗಡಿಯ ತೋಟಾ ದುಬಾರಿ. ಹಾರಿಸಿದ ತೋಟಾದ ಹಿತ್ತಾಳೆಯ ಚಿಪ್ಪು ಎತ್ತಿಟ್ಟುಕೊಂಡು, ಅದಕ್ಕೆ ಮತ್ತೆ ಮದ್ದು ತುಂಬಿ, ತಾವೇ ಎರಕ ಹೊಯ್ದ ಸೀಸದ ಗುಂಡು ಕೂರಿಸಿ ಬಳಸುತ್ತಾರೆ. ಮದ್ದಿನ ಕೆಲಸವೆಲ್ಲ ಕ್ಲಬ್ಬಿನ ಕೋಣೆಯಲ್ಲಿ, ಅವರ ಅನುಮತಿಯಲ್ಲಿ. ಮನೆಯಲ್ಲಿ ಬರಿಯ ಎರಕ.

ಸೀಸ ಬರುತ್ತಿದ್ದುದು ಭಾವನ ವರ್ಕ್‌ಶಾಪಿನಿಂದಲೇ. ಚಕ್ರದ ತೂಕ ಸರಿತೂಗಿಸಲು ಅಂಚಿಗೆ ಸಿಕ್ಕಿಸುವ ಸಣ್ಣ ಸೀಸದ ತುಂಡುಗಳು ಹಳೆಯದಾದಾಗ ಡಬ್ಬಿಗಟ್ಟಲೆ ಸೇರುತ್ತಿದ್ದವು. ಕರಗಿದಾಗ ಮೇಲೆ ತೇಲಿದ ಕಸವನ್ನು ಭಾವ ಸೌಟಿನಲ್ಲಿ ತೆಗೆದರು. ಗುಂಡಿನ ಅಚ್ಚು ಚೆನ್ನಾಗಿ ಮೂಡಲಿ ಎಂದು ಸ್ವಲ್ಪ ತವರ ಹಾಕಿದರು. ನಾನು ತಂದ ಕಡ್ಡಿಗಳ ಗುಟ್ಟು ಆಗ ಬಯಲಾಯಿತು. ಮೈಸೂರಿನ ಕಲಾಯಿ ತವರ ನೈರೋಬಿಯಲ್ಲಿ ಪಿಸ್ತೂಲಿನ ಗುಂಡಾಗುತ್ತಿತ್ತು.

ಎರಡು ಹೋಳಿನ ಅಚ್ಚಿಗೆ ಹೊಯ್ದು, ತೆರೆದು ತಟ್ಟಿದರೆ ಹೊಳೆಯುವ ಗುಂಡು ಒದ್ದೆ ಟವೆಲಿನ ಮೇಲೆ ಚುಂಯ್ ಎಂದು ಬೀಳುತ್ತಿತ್ತು. ನಾನು ಗಾಳಿ ಬರುವ ಕಡೆ ನಿಂತು, ಮೂಗಿಗೆ ಸೆರಗು ಹಿಡಿದು, ಒಂದು ಹನಿ ನೀರು ಬಾಣಲೆಗೆ ಸಿಡಿದರೂ ಕಾದ ಸೀಸ ಮುಖಕ್ಕೆ ಹಾರುತ್ತದೆ ಎಂದು ಭಾವ ಹೇಳಿದ್ದರಿಂದ ಆಕಾಶದಲ್ಲಿ ಮೋಡ ಹುಡುಕುತ್ತಿದ್ದೆ.

ಮಿಕ್ಕಿದ್ದನ್ನು ಅವರು ಹೊಯ್ದದ್ದು ಹಳೆಯ ಅಲ್ಯೂಮಿನಿಯಮ್ ಇಡ್ಲಿ ತಟ್ಟೆಗೆ! ಆರಿದ ಮೇಲೆ ತಟ್ಟಿದರೆ ತೆಳ್ಳನೆಯ ಲೋಹದ ಇಡ್ಲಿಗಳು. ಶೆಡ್ಡಿನ ಹಲಗೆಯ ಮೇಲೆ ಅಂಥವು ಸಾಲಾಗಿ ಪೇರಿಸಿದ್ದವು.

"ಈ ಕಡೆ ಸೀಸ ಬೆರೆಸಿದ್ದು, ಆ ಕಡೆ ಬರೀ ತವರ. ಕಡ್ಡಿ ಉದ್ದಕ್ಕೆ ಬಿದ್ದಿರುತ್ತೆ ಅಂತ ಅದನ್ನೂ ಇಡ್ಲಿ ಮಾಡಿಟ್ಟಿರ್ತೀನಿ."

"ಎರಡೂ ಒಂದೇ ಥರ ಇದಾವಲ್ಲ ಭಾವ. ಹೇಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ ಬಿಡಮ್ಮ."

ಮೂತಿ ಸೊಟ್ಟಗಾದ ಒಂದು ಗುಂಡು ತೆಗೆದು ಸಿಮೆಂಟ್ ಚೀಲದ ಕಾಗದದ ಮೇಲೆ "ಗೌರಿ" ಎಂದು ಬರೆದು ತೋರಿಸಿದರು. ಪೆನ್ಸಿಲಿನಂತೆಯೇ ಬೂದು ಗೆರೆ. "ಸೀಸ ಕಾಗದದ ಮೇಲೆ ಬರೆಯುತ್ತೆ, ನೋಡು" ಎಂದು ನಕ್ಕರು.

ಕ್ಲಬ್ಬು

ಮಾರನೆಯ ದಿನ ಅಕ್ಕನೇ ಬಲವಂತ ಮಾಡಿ ನನ್ನನ್ನು ಕ್ಲಬ್ಬಿಗೆ ಕಳಿಸಿದಳು. ಅಲ್ಲಿ ಸಿಕ್ಕವರು ಫೆಲಿಕ್ಸ್. ಮಂಗಳೂರಿನವರು, ಮನೆಮಾತು ಕೊಂಕಣಿ. ಪೇಟೆಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಾರೆ. ಭಾವನಿಗೆ ಗುಂಡು ಎರಕ ಕಲಿಸಿದವರೇ ಅವರು.

ತೋಟಾ ತುಂಬುವಾಗ ಅವರು ಪೂಜೆಗೆ ಕೂತ ಭಟ್ಟರಿಗಿಂತ ಕಟ್ಟುನಿಟ್ಟು. ಮದ್ದು ಅಳೆಯುವಾಗ ಯಾರೂ ಮಾತಾಡಕೂಡದು. ಒಂದು ಚಿಪ್ಪಿಗೆ ಎರಡು ಸಲ ಬಿದ್ದರೆ ಪಿಸ್ತೂಲು ಕೈಯಲ್ಲೇ ಒಡೆಯುತ್ತದೆ ಎಂದು ಮೊದಲೇ ಹೇಳಿಬಿಟ್ಟಿದ್ದರು. ಪ್ರತಿ ಚಿಪ್ಪಿನೊಳಗೂ ಟಾರ್ಚು ಬಿಟ್ಟು ನೋಡಿ, ಮೇಲೆ ಭಾವನ ಗುಂಡು ಇಟ್ಟು, ಯಂತ್ರದ ಹಿಡಿ ಒತ್ತುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಬಾಗಿಲ ಹತ್ತಿರವೇ ನಿಂತಿದ್ದೆ. ಕೆಲಸ ಮುಗಿದದ್ದೇ ಬಿಸ್ಕೆಟಿಗೆ ಕೈಚಾಚಿದೆ.

"ಏ ಮಾರಾಯ್ರೆ, ಎಂತ ಮಾಡ್ತೀರಿ!" ಫೆಲಿಕ್ಸ್ ಕೂಗಿದರು. "ಕೈ ತೊಳೆದು ಬನ್ನಿ. ಸೋಪು ಹಾಕಿ, ಎರಡು ಸಲ. ಸೀಸ ಅಂದ್ರೆ ವಿಷ ಅಲ್ವಾ? ಹೊಟ್ಟೆಗೆ ಹೋದ್ರೆ ಹೊರಗೆ ಬರುದಿಲ್ಲ ಅದು."

"ನಾನಂತೂ ಆ ಬಟ್ಟೇಲಿ ಮನೆಯೊಳಗೇ ಹೋಗಲ್ಲಪ್ಪ" ಎಂದರು ಭಾವ. ಅದು ನಿಜವೇ. ಎರಕದ ಬಟ್ಟೆ ಶೆಡ್ಡಿನಲ್ಲೇ ಬಿಚ್ಚಿ, ಹೊರಗಿನ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದೇ ಅವರು ಒಳಗೆ ಬರುತ್ತಿದ್ದುದು.

ಪೇಟೆಯ ಆಸ್ಪತ್ರೆ

ಸರ್ಜನ್ ಒಳ್ಳೆಯ ಮನುಷ್ಯ. ಅಕ್ಕನ ಕೈ ಹಿಡಿದು ಮಗುವಿನ ಕೈಯಂತೆ ಎತ್ತಿ ಬಿಟ್ಟರು. ಅದು ಬಿತ್ತು. ಇನ್ನೊಮ್ಮೆ ಎತ್ತಿ ಬಿಟ್ಟರು. ಮತ್ತೆ ಬಿತ್ತು. ನರ ಒತ್ತಿಹೋಗಿರಬೇಕು, ಶುಕ್ರವಾರ ಕೊಯ್ಯೋಣ ಎಂದರು. ಸರಿಹೋಗುತ್ತದೆಯೇ ಎಂದರೆ, ನೋಡೋಣ ಎಂದರು. ಹೊಟ್ಟೆನೋವಿಗೂ ಕೈಗೂ ಸಂಬಂಧ ಇದೆಯೇ ಎಂದು ನಾನು ಕೇಳಿದ್ದಕ್ಕೆ, ಚಿಂತೆಯಿಂದ ಹೊಟ್ಟೆ ಕೆಡುವುದು ಸಹಜ ಎಂದು ನನ್ನ ಮುಖವನ್ನೇ ನೋಡಿದರು.

ಔಷಧಿ ಅಂಗಡಿಯಿಂದ ಕಾರಿನ ಕಡೆಗೆ ಒಬ್ಬಳೇ ಬರುವಾಗ ಹಿಂದೆ ಯಾರೋ ಓಡಿ ಬರುತ್ತಿರುವ ಸದ್ದು. ಮಟಾಟು ಎನ್ನುವ ಬಾಡಿಗೆ ವ್ಯಾನುಗಳ ನಡುವೆ ನುಗ್ಗಿ ಓಡಿದೆ. ಅವನೂ ಓಡಿದ. ಕಾರಿನ ಬಾಗಿಲಿಗೆ ಬಂದು ಬಿದ್ದಾಗ ಅವನು ಏದುಸಿರು ಬಿಡುತ್ತಾ ನನ್ನ ಕೊಡೆ ಚಾಚಿದ. ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. "ಪೋಲೆ, ಮಾಮಾ" ಎಂದ, ನನ್ನನ್ನು ಹೆದರಿಸಿದ್ದಕ್ಕೆ. ಇಲ್ಲಿ ದೊಡ್ಡ ಹೆಂಗಸರಿಗೆ ಮಾಮಾ ಎನ್ನುತ್ತಾರೆ.

ಅಡಿಗೆಮನೆ

ಗುರುವಾರ ವಾಂಜಿರುವಿಗೆ ರಜೆ. ಅಕ್ಕ ಮಲಗಿದ್ದಳು. ಆಸ್ಪತ್ರೆಗೆ ಹೋಗುವ ಮೊದಲು ಅವಳಿಗೆ ಇಷ್ಟವಾದ ಸಾರು ಮಾಡೋಣ ಎಂದು ಹಿತ್ತಾಳೆ ಪಾತ್ರೆ ತೊಳೆದು, ನಾನು ತಂದಿದ್ದ ಪಂಚೆಯ ತುಂಡಿನಿಂದ ಒಳಗೆ ಒರೆಸಿದೆ. ಬಿಳಿ ಬಟ್ಟೆ ಕಪ್ಪಾಯಿತು. ವಾಂಜಿರು ಸರಿಯಾಗಿ ಉಜ್ಜುವುದಿಲ್ಲ ಎಂದು ಮನಸ್ಸಿನಲ್ಲೇ ಬೈದು, ನಾನೇ ಉಜ್ಜಿ ಮತ್ತೆ ಒರೆಸಿದೆ. ಮತ್ತೆ ಕಪ್ಪು. ಇರಲಿ ಎಂದು ಸಾರಿಗಿಟ್ಟೆ.

ಕುದಿ ಬಂದ ಮೇಲೆ ಒಗ್ಗರಣೆ ಹಾಕಿ ಇಳಿಸುವಾಗಲೂ ಆ ಬಟ್ಟೆ ಕಣ್ಣಿಗೆ ಚುಚ್ಚುತ್ತಿತ್ತು. ಅಮ್ಮನ ಪಾತ್ರೆ ಒರೆಸಿದ ಬಟ್ಟೆ ಎಂದೂ ಹೀಗಾಗುತ್ತಿರಲಿಲ್ಲ. ಪಾತ್ರೆಯ ಬಾಯಂಚಿನವರೆಗೂ ಕಲಾಯಿ ಬಂದಿತ್ತು. ತರಕಾರಿ ಹೆಚ್ಚಲು ಹಾಸಿದ್ದ ಪತ್ರಿಕೆಯ ಬಿಳಿ ಅಂಚನ್ನು ಹರಿದು ಅದಕ್ಕೆ ಒತ್ತಿ ಎಳೆದೆ.

ಬೂದು ಗೆರೆ ಮೂಡಿತು. ಭಾವ ನನ್ನ ಹೆಸರು ಬರೆದಿದ್ದರಲ್ಲ, ಅದೇ ಗೆರೆ.

ನಾನು ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಹುಣಸೆಹುಳಿ, ಬೆಳಗಿನಿಂದ ಸಂಜೆಯವರೆಗೆ, ಒಂದು ವರ್ಷ. ಫೆಲಿಕ್ಸ್ ಹೇಳಿದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು. ನಾನು ಕುಡಿದ ಲೋಟಗಳೂ ನೆನಪಾದವು, ನಾಚಿಕೆಯಾಗುವಷ್ಟು ಬೇಗ ನೆನಪಾದವು. ಎದ್ದು ಸಾರನ್ನೆಲ್ಲ ಸಿಂಕಿಗೆ ಸುರಿದೆ.

"ಯಾಕೇ ಚೆಲ್ದೆ? ಘಮ್ ಅಂತಿತ್ತಲ್ಲೇ" ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಉಪ್ಪು ಜಾಸ್ತಿ ಆಗೋಯ್ತು."

"ನೀರು ಹಾಕಿದ್ರೆ ಆಗ್ತಿತ್ತು. ನಿನ್ನ ಗಾಬರಿ ಒಂದು."

ಭಾವ ಬರುವವರೆಗೆ ಆ ಮಧ್ಯಾಹ್ನ ಹೇಗೆ ಕಳೆಯಿತೋ. ನನ್ನ ಊಹೆ ತಪ್ಪಾಗಿದ್ದರೆ, ಗಂಡ ಪ್ರೀತಿಯಿಂದ ಮಾಡಿಕೊಟ್ಟ ಒಂದೇ ಒಂದು ವಸ್ತುವಿಗೆ ನಾನು ವಿಷದ ಹೆಸರಿಟ್ಟ ಹಾಗೆ. ಸರಿಯಾಗಿದ್ದರೆ ಇನ್ನೂ ಕೆಟ್ಟದ್ದು. ಬೆಳಗಾದರೆ ಕತ್ತರಿಸಬೇಕಿಲ್ಲದ ಕೈಗೆ ಕತ್ತಿ ಬೀಳುತ್ತದೆ.

ಮತ್ತೆ ಶೆಡ್ಡು

"ಏ, ಅದು ಶುದ್ಧ ತವರ ಕಣಮ್ಮ" ಎಂದು ಭಾವ ನಕ್ಕರು. ನಾನು ಕಾಗದ ತೋರಿಸಿದೆ. ನಗು ನಿಂತಿತು. ಇಬ್ಬರೂ ಶೆಡ್ಡಿಗೆ ಹೋದೆವು.

ನಾನು ತಂದ ಒಂದು ಕಡ್ಡಿ ಬಗ್ಗಿಸಿದರು. ಕರಕರ ಎಂದಿತು. ಆಮೇಲೆ ತವರದ ಸಾಲಿನಿಂದ ಒಂದು ಇಡ್ಲಿ ತೆಗೆದು ಇಕ್ಕಳಕ್ಕೆ ಸಿಕ್ಕಿಸಿ ಬಗ್ಗಿಸಿದರು. ಅದೂ ಅತ್ತಿತು. ನನಗೆ ಹೋದ ಜೀವ ಬಂತು. ಅದರ ಕೆಳಗಿನದನ್ನು ಬಗ್ಗಿಸಿದರು. ಸದ್ದಿಲ್ಲ. ಅದರ ಕೆಳಗಿನದು. ಸದ್ದಿಲ್ಲ. ಭಾವ ಅದನ್ನು ಕಿವಿಯ ಹತ್ತಿರ ತಂದು, ಹಲ್ಲು ಕಚ್ಚಿ, ಮುರಿಯುವವರೆಗೆ ಬಗ್ಗಿಸಿದರು. ಅದು ಬಾಯಿ ಬಿಡಲಿಲ್ಲ. ಸಾಲು ಯಾವಾಗಲೋ ಕಲೆತುಹೋಗಿತ್ತು.

"ಅವತ್ತು ಕಲಾಯಿ ಸರಿಯಾಗಿ ಹತ್ತಲೇ ಇಲ್ಲ" ಎಂದರು, ನನ್ನ ಕಡೆ ನೋಡದೆ. "ನನ್ನ ಕೈ ಪಳಗಿಲ್ಲ ಅಂದ್ಕೊಂಡೆ. ಒತ್ತಿ ಒತ್ತಿ ಉಜ್ಜಿದೆ ಗೌರಿ. ಇನ್ನೊಂದು ಇಡ್ಲಿ ಜಾಸ್ತೀನೇ ಹಾಕಿದೆ."

ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ಆ ಮಾತು ಕೇಳಿ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಭಾವ ಫೋನು ಮಾಡಿದ್ದೇ ಫೆಲಿಕ್ಸ್ ಸೂಜಿ ಸೀಸೆ ಹಿಡಿದುಕೊಂಡೇ ಬಂದರು. ಅಕ್ಕನಿಗೂ ಪಾತ್ರೆಯ ವಿಷಯ ಹೇಳಿ, ಊಟದ ಮೇಜಿನ ಮೇಲೆ ಮೂವರ ರಕ್ತ ತೆಗೆದರು. ಅಕ್ಕನ ಕೈ ಎತ್ತಿ ನೋಡಿ, ಹೊಟ್ಟೆಯ ವಿಷಯ ಕೇಳಿ, ತಲೆಯ ಮೇಲೆ ಕೈಹೊತ್ತು ಕೂತರು. "ಸೀಸ ನರಕ್ಕೆ ಹೋದ್ರೆ ಮಣಿಕಟ್ಟು ಹೀಗೇ ಬೀಳುದು. ಎಷ್ಟು ಸಲ ಈ ಮನೆಯಲ್ಲಿ ಊಟ ಮಾಡಿದ್ದೇನೆ ಮಾರಾಯ್ತಿ. ಕೈ ತೊಳೀರಿ ಅಂತ ಊರಿಗೆಲ್ಲ ಬೊಬ್ಬೆ ಹೊಡೆದೆ. ಈ ಪಾತ್ರೆಯೊಳಗೆ ಒಮ್ಮೆ ಇಣುಕಲಿಲ್ಲ." ಅವರೇ ಸರ್ಜನ್‌ಗೆ ಫೋನು ಮಾಡಿ ಶುಕ್ರವಾರದ ಕತ್ತಿ ತಪ್ಪಿಸಿದರು.

ಆ ಪರೀಕ್ಷೆ ದೇಶದ ಹೊರಗೆ ಆಗಬೇಕಿತ್ತು. ಉತ್ತರ ಬರುವವರೆಗೆ ನಾವು ಮೂವರೂ ಪರಸ್ಪರ ಕೈ ನೋಡಿಕೊಂಡು ಬದುಕಿದೆವು. ನಾನಂತೂ ದಿನಕ್ಕೆ ಹತ್ತು ಸಲ ಮಣಿಕಟ್ಟು ಎತ್ತಿ ನೋಡಿಕೊಳ್ಳುತ್ತಿದ್ದೆ. ಕಾವಲು, ತಂತಿ, ಬೀಗಗಳ ಭಯ ಎತ್ತ ಹೋಯಿತೋ. ಒಂದು ದಿನ ಗೇಟಿನ ಹೊರಗೆ ಏನೋ ಗಲಾಟೆಯಾಗಿ ಅಸ್ಕಾರಿ ಶಿಳ್ಳೆ ಹೊಡೆದರೂ ನಾನು ಎದ್ದು ನೋಡಲಿಲ್ಲ.

ಫೆಲಿಕ್ಸ್ ಫೋನು ಮಾಡಲಿಲ್ಲ, ತಾವೇ ಬಂದರು. ಅಕ್ಕನ ರಕ್ತದಲ್ಲಿ ಸೀಸ ಬಹಳ ಇತ್ತು. ಭಾವನದರಲ್ಲೂ ಇತ್ತು, ಅವರಿಗೆ ತಿಳಿದೇ ಇರಲಿಲ್ಲ. ನನ್ನದು ಚಿಂತೆ ಮಾಡುವಷ್ಟಲ್ಲ ಎಂದರು. ಆದರೂ ಮಾಡಿದೆ. ಔಷಧಿ ಉಂಟು, ಹೊರಗೆ ಬರುತ್ತದೆ, ಕೈಗೆ ಬಲವೂ ಬರಬಹುದು, ಆದರೆ ನಿಧಾನ ಎಂದರು.

ಭಾವ ಅಕ್ಕನ ಎದುರು ನಿಂತರು. ಕ್ಷಮಿಸು ಎಂದು ಹೆಂಡತಿಗೆ ಹೇಳಿ ಅಭ್ಯಾಸವಿದ್ದವರಲ್ಲ. ನಮ್ಮ ಮನೆಗಳಲ್ಲಿ ಯಾರಿಗಿದೆ? "ಪೋಲೆ, ವಿಜಯಾ" ಎಂದರು. ನನಗೆ ಮೈಯೆಲ್ಲ ಉರಿಯಿತು. ಕೊಡೆ ಕೊಟ್ಟವನೂ ಅಂದ ಮಾತು ಅದು, ಎಡವಿದವರಿಗೂ ಅನ್ನುವ ಮಾತು.

"ಕಳ್ಳ ಬರ್ತಾನೆ ಅಂತ ಎಷ್ಟು ಬೀಗ ಹಾಕಿದ್ರೀ" ಎಂದಳು ಅಕ್ಕ. ಆಮೇಲೆ, "ನಿಮಗೂ ಪೋಲೆ. ನೀವೂ ಔಷಧಿ ತಗೊಳ್ಳಿ" ಎಂದಳು.

ಹೊರಡುವ ದಿನ

ನಾನು ವೀಸಾ ಮುಂದುವರಿಸಿಕೊಂಡು ಉಳಿದೆ. ಭಾವ ಬಾಣಲೆ, ಅಚ್ಚು, ಇಡ್ಲಿ ತಟ್ಟೆ ಎಲ್ಲ ಕ್ಲಬ್ಬಿಗೆ ಸಾಗಿಸಿದರು. ಪಿಸ್ತೂಲಿಗೆ ಅಂಗಡಿಯ ತೋಟಾ ಬಂತು. ಅಕ್ಕನ ಹೊಟ್ಟೆನೋವು ಮೊದಲು ಹೋಯಿತು, ಮುಖಕ್ಕೆ ಬಣ್ಣ ಬಂತು. ಕೈ ಮಾತ್ರ ಸತಾಯಿಸಿತು. ಒಂದು ದಿನ ಬೆರಳು ಎದ್ದರೆ ನಾಲ್ಕು ದಿನ ಏನೂ ಇಲ್ಲ.

ಅಮ್ಮನ ಪಾತ್ರೆಯನ್ನು ಭಾವನೇ ಕಾಗದದಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟರು. "ಮೈಸೂರಲ್ಲಿ ಪೂರ್ತಿ ಕೆರೆಸಿ, ಹೊಸದಾಗಿ ಹಾಕ್ಸು" ಎಂದರು. "ತವರದ ಕಡ್ಡಿ ಬಗ್ಗಿಸಿ, ಅಳಿಸಿ ನೋಡಿ ಹಾಕ್ಸು."

ಬೆಳಿಗ್ಗೆ ಕಾರಿಗೆ ಪೆಟ್ಟಿಗೆ ಸಾಗಿಸಬೇಕು. ಕಬ್ಬಿಣದ ಬಾಗಿಲಿಗೆ ಇನ್ನೂ ಬೀಗವಿತ್ತು. ಭಾವ ಕೀ ತೆಗೆದರು. ಅಕ್ಕ ಎಡಗೈಯಲ್ಲಿ ಅದನ್ನು ಇಸಿದುಕೊಂಡು ಬಲಗೈಗೆ ಹಾಕಿಕೊಂಡಳು. ಕೀ ತೂತಿನ ಸುತ್ತ ತಡಕಾಡಿತು, ಜಾರಿತು, ಕೆಳಗೆ ಬಿತ್ತು. ಬಗ್ಗಿ ತೆಗೆದುಕೊಂಡಳು. ಭಾವನ ಕೈ ತಾನಾಗಿ ಮುಂದೆ ಬಂತು.

"ಬಿಡಿ. ನಾನೇ ತೆಗೀತೀನಿ."

ಭಾವ ಕೈ ಹಿಂದಕ್ಕೆ ಎಳೆದುಕೊಂಡು ಎದೆಗೆ ಒತ್ತಿ ಹಿಡಿದರು. ಹೊರಗೆ ಕಾರಿನ ಹತ್ತಿರ ವಾಂಜಿರು ನನ್ನ ಹೆಸರು ಕೂಗಿ ವಿಮಾನ ತಪ್ಪುತ್ತದೆ ಎನ್ನುತ್ತಿದ್ದಳು. ಜನ್ಮದಲ್ಲಿ ಮೊದಲ ಸಲ ವಿಮಾನ ತಪ್ಪಿದರೆ ತಪ್ಪಲಿ ಅನ್ನಿಸಿತು. ಅಕ್ಕನ ಮಣಿಕಟ್ಟು ನಡುಗಿತು, ಇಳಿಯಿತು, ಮತ್ತೆ ಎದ್ದಿತು. ಬೀಗ ಕಟಕ್ಕೆಂದಿತು. ಅಕ್ಕ ಆ ಭಾರದ ಬಾಗಿಲನ್ನು ಭುಜ ಕೊಟ್ಟು ತಳ್ಳಿ, ನಮಗೆ ದಾರಿ ಬಿಟ್ಟು ನಿಂತಳು.